ಲಂಡನ್ನಿನ ಸೌತಿಕಾಯಿ, ಜುಗೂಳದ ಸೌತಿಕಾಯಿ

ಲಂಡನ್ನಿಗೆ ಹೋದಾಗ ನನಗೆ ಅರವತ್ತೇಳು. ಈಗ ಅದಕ್ಕೆ ಎರಡು ವರ್ಷವಾಯಿತು. ಅದಕ್ಕಿಂತ ಮೊದಲು ನಾನು ಕಂಡ ದೂರದ ಊರೆಂದರೆ ಪಂಢರಪುರ. ನನ್ನ ಕಿರಿ ಸೊಸೆ ವಿಜಯಾ ಲಂಡನ್ನಿನಲ್ಲಿ ನರ್ಸ್. ಕೆಲಸ ಸಿಕ್ಕಿದ್ದು ಅವಳಿಗೆ, ನನ್ನ ಮಗ ಬಸವರಾಜ ಅವಳ ಹಿಂದೆ ಹೋದವನು. ಅವರಿಗೆ ಹೆಣ್ಣು ಕೂಸು ಹುಟ್ಟಿತು. ಬಾಣಂತನ ತವರಿನವರದು, ಆದರೆ ನಿಪ್ಪಾಣಿಯ ಬೀಗತಿಗೆ ಮೊಣಕಾಲು ಏಳುವುದಿಲ್ಲ, ವಿಮಾನ ಅಂದರೆ ಎದೆ ಹಾರುತ್ತದೆ. ನಾನೇ ಹೋಗಬೇಕಾಯಿತು. ಊರು ನೋಡಲು ಹೋದವಳಲ್ಲ ನಾನು. ಆದರೂ ನೋಡಿದೆ, ನೋಡಿ ಸಿಟ್ಟು ಬಂತು, ಆ ಸಿಟ್ಟು ಇನ್ನೂ ಪೂರಾ ಇಳಿದಿಲ್ಲ.

ಮೊದಲು ನಮ್ಮ ಅಡ್ಡಹೆಸರು ಹೇಳಬೇಕು. ಈ ಪ್ರಯಾಣವೆಲ್ಲ ಅದರ ಸುತ್ತಲೇ ತಿರುಗಿತು. ನಾವು ಸೌತಿಕಾಯಿಯವರು. ನಾನು ಗಂಗವ್ವ ಸೌತಿಕಾಯಿ, ಕಾಗವಾಡ ತಾಲೂಕಿನ ಜುಗೂಳದವಳು. ನನ್ನ ಗಂಡನ ಅಜ್ಜ ಭೀಮಪ್ಪನಿಗೆ ಹೊಲ ಇರಲಿಲ್ಲ. ಬೇಸಿಗೆಯಲ್ಲಿ ಕೃಷ್ಣಾ ಹೊಳೆ ಇಳಿದಾಗ ಮಳಲಿನಲ್ಲಿ ಗುಣಿ ತೋಡಿ, ಗೊಬ್ಬರ ಹಾಕಿ, ಸೌತಿಬಳ್ಳಿ ಹಚ್ಚುತ್ತಿದ್ದ. ಬುಟ್ಟಿ ಹೊತ್ತು ಶಿರಗುಪ್ಪಿ, ಮಂಗಸೂಳಿ ತನಕ ಕೂಗುತ್ತ ಹೋಗುತ್ತಿದ್ದ. ಹೊಲ ಇದ್ದವರು ಅವನನ್ನು ಕಂಡರೆ "ಸೌತಿಕಾಯಿ ಬಂದ" ಎನ್ನುತ್ತಿದ್ದರು. ಬಂತು ಅಲ್ಲ, ಬಂದ. ಅವನ ಮಗನನ್ನು ಶಾಲೆಗೆ ಹಾಕಿದ ದಿನ ಮಾಸ್ತರರು ಅಡ್ಡಹೆಸರು ಕೇಳಿದರು. ಹುಡುಗ ಸುಮ್ಮನೆ ನಿಂತ. ಹಿಂದೆ ಕೂತ ಹುಡುಗರು ಒದರಿದರು. ಮಾಸ್ತರರು ಬರೆದುಕೊಂಡರು. ನಮ್ಮನ್ನು ಯಾರೂ ಕೇಳಲಿಲ್ಲ. ಅಡ್ಡಹೆಸರು ಬರುವುದೇ ಹಾಗೆ.

ಮುಂಬೈ

ಮಂಗಸೂಳಿ ಮಲ್ಲಯ್ಯನ ಭಂಡಾರ ಒಂದು ಸಣ್ಣ ಪೊಟ್ಟಣ ಕಟ್ಟಿಕೊಂಡಿದ್ದೆ, ಕೂಸಿನ ಹಣೆಗೆ ಹಚ್ಚಲೆಂದು. ವಿಮಾನ ನಿಲ್ದಾಣದಲ್ಲಿ ಚೀಲ ತಪಾಸಣೆ ಮಾಡುವ ಹುಡುಗಿ ಅದನ್ನು ಎತ್ತಿ ಹಿಡಿದು ಹಳದಿ ಪುಡಿ ಏನೆಂದಳು. ದೇವರದು ಎಂದೆ. ಯಾವ ದೇವರು ಎಂದಳು. ಮಲ್ಲಯ್ಯ ಎಂದರೆ ಮುಖ ಗಂಟಿಕ್ಕಿಕೊಂಡಳು. ಹಿಂದೆ ನಿಂತ ದೊಡ್ಡ ಸಾಹೇಬ ಮರಾಠಿಯವ. ಅವನಿಗೆ ಖಂಡೋಬಾ ಎಂದೆ. ಅವನು ಬೆರಳ ತುದಿಯಿಂದ ಮುಟ್ಟಿ ಹಣೆಗೆ ಹಚ್ಚಿಕೊಂಡು ಬಿಟ್ಟುಬಿಟ್ಟ. ನಮ್ಮ ಕಡೆ ಮಲ್ಲಯ್ಯ, ಆ ಕಡೆ ಖಂಡೋಬಾ. ದೇವರು ಎರಡಕ್ಕೂ ಓ ಎನ್ನುತ್ತಾನೆ, ಅವನಿಗೆ ನಾಚಿಕೆ ಇಲ್ಲ.

ವಿಮಾನದಲ್ಲಿ ಊಟ ಎಂದು ಕೊಟ್ಟದ್ದರ ಬಗ್ಗೆ ನಾನು ಬರೆಯುವುದಿಲ್ಲ. ಅದಕ್ಕೆ ಊಟ ಎನ್ನುವುದು ಸುಳ್ಳು.

ಮನೆ ಮತ್ತು ಹೊಗೆ

ಮಗನ ಮನೆ ಊರ ಮೂಡಣ ಅಂಚಿನಲ್ಲಿ, ಮೇಲಂತಸ್ತಿನಲ್ಲಿ. ಅಂಗಳ ಇಲ್ಲ, ಕಟ್ಟೆ ಇಲ್ಲ. ಕೆಳಗಿನ ಮನೆಯವನಿಗೆ ಒಂದು ನಾಯಿ, ಅದಕ್ಕೆ ಮನುಷ್ಯರ ಹೆಸರು. ಕೂಸಿಗೆ ಅನ್ವಿ ಎಂದು ಇಟ್ಟಿದ್ದರು. ಅರ್ಥ ಏನೆಂದು ಕೇಳಿದರೆ ಇಬ್ಬರೂ ಫೋನು ತೆಗೆದರು.

ಬಂದ ಮೂರನೆಯ ದಿನ ಕೂಸಿಗೆ ಎರೆದು, ಹಂಚಿನ ಮೇಲೆ ಓಂಕಾಳು, ಬಳ್ಳೊಳ್ಳಿ ಸಿಪ್ಪೆ, ಚೂರು ಲೋಬಾನ ಹಾಕಿ ಹೊಗೆ ಕೊಟ್ಟೆ. ಬಾಣಂತಿ ಮನೆಯಲ್ಲಿ ಅಷ್ಟೂ ಮಾಡದಿದ್ದರೆ ನಾನು ಯಾಕೆ ಹೋಗಬೇಕು. ಮಾಳಿಗೆಗೆ ಅಂಟಿಸಿದ ಒಂದು ಬಿಳಿ ಡಬ್ಬಿ ಕಿವಿ ಹರಿಯುವಂತೆ ಚೀರತೊಡಗಿತು. ಕೂಸು ಚೀರಿತು. ಕೆಳಗಿನ ನಾಯಿ ಚೀರಿತು. ವಿಜಯಾ ಕುರ್ಚಿ ಹತ್ತಿ ಟವೆಲ್ಲಿನಿಂದ ಗಾಳಿ ಬೀಸಿದಳು. ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಕೆಳಗಿನ ಮನೆಯವ, ಎತ್ತರದ ಮನುಷ್ಯ, ಹೆದರಿದ್ದ. "ಮಿಸ್ಟರ್ ಪಾಟೀಲ್, ಮಿಸ್ಟರ್ ಪಾಟೀಲ್" ಎನ್ನುತ್ತಿದ್ದ.

"ವಿಜಯಾ, ಪಾಪ ಈ ಮನಶಾ ಮನಿ ತಪ್ಪಿ ಬಂದಾನ ನೋಡ. ಯಾರೋ ಪಾಟೀಲ್ರನ್ನ ಹುಡುಕಾಕತ್ತಾನ."

ವಿಜಯಾ ಕುರ್ಚಿ ಇಳಿದು ಅವನಿಗೆ ಏನೋ ಹೇಳಿ ಕಳಿಸಿದಳು. ಬಾಗಿಲು ಹಾಕಿ ನನ್ನ ಕಡೆ ನೋಡದೆ ಹೇಳಿದಳು: "ತಪ್ಪಿ ಬಂದಿಲ್ರಿ ಅತ್ತಿ."

ಸಂಜೆ ಮಗ ಬಂದ. ಅವನು ಬೂಟು ಬಿಚ್ಚುವ ತನಕ ಕಾದೆ.

"ಬಸ್ಸ್ಯಾ, ನೀ ಯಾವಾಗ ಪಾಟೀಲ ಆದಿ?"

"ಇಲ್ಲೆ ಎಲ್ಲಾರೂ ಸಲೀಸ ಹೆಸರು ಇಟ್ಕೋತಾರವ್ವಾ. ಬರೇ ಕರಿಯಾಕ."

"ಪಾಟೀಲಕಿ, ಊರ ಗೌಡಕಿ, ಯಾರ ಕೊಟ್ರು ನಿನಗ? ನಮ್ಮೂರ ಪಾಟೀಲ್ರಿಗೆ ಗೊತ್ತಾದ್ರ ನಿಮ್ಮಣ್ಣನ್ನ ಕಟ್ಟಿ ಮ್ಯಾಲ ಕುಂದ್ರಿಸಿ ಕೇಳ್ತಾರ."

"ಅವರು ಇಲ್ಲೀ ತನಕ ಬರ್ತಾರೇನು?"

ಆಮೇಲೆ ಒಂದೊಂದೇ ಹೊರಬಂತು. ಅಲ್ಲಿ ಕೂಸು ಹುಟ್ಟಿದರೆ ತಂದೆತಾಯಿ ಕಚೇರಿಗೆ ಹೋಗಿ ಹೆಸರು ಬರೆಸಬೇಕು. ಬರುವ ವಾರ ಅವರ ಪಾಳಿ. ಕೂಸಿನ ಹೆಸರಿನ ಮುಂದೆ ಪಾಟೀಲ ಎಂದು ಬರೆಸುವವನು. ಮುಂದೆ ತನ್ನದು, ವಿಜಯಾಳದು ಕೂಡ ಬದಲಿಸುವವನು. ನಾಲ್ಕು ತಲೆ ಹೊತ್ತ ಹೆಸರು, ಅವನ ಕೈಯಲ್ಲಿ ನಿಂತುಹೋಗುತ್ತಿತ್ತು.

"ಏನ್ ತಪ್ಪ ಮಾಡೈತಿ ಆ ಹೆಸರು?"

ಅವನು ಕಿರಾಣಿ ಸಾಮಾನಿನ ದೊಡ್ಡ ಗೋದಾಮಿನಲ್ಲಿ ದುಡಿಯುತ್ತಾನೆ. ಅಲ್ಲಿ ಸಾಂಗಲಿಯವರು, ಪುಣೆಯವರು ಇದ್ದಾರೆ. ಅವರಿಗೆ ಸೌತಿಕಾಯಿ ಎಂದರೆ ಏನೆಂದು ಗೊತ್ತಿರಲಿಲ್ಲ. ಹುಬ್ಬಳ್ಳಿ ಕಡೆಯವನೊಬ್ಬ ಎಲ್ಲರಿಗೂ ಬಿಡಿಸಿ ಹೇಳಿದ. ಅಂದಿನಿಂದ ನನ್ನ ಮಗನನ್ನು ಕರೆಯುವುದು ಕಾಕಡಿ ಎಂದು. ಕಾಕಡಿ ಎಂದರೆ ಮರಾಠಿಯಲ್ಲಿ ಸೌತಿಕಾಯಿ.

"ಇಂಗ್ಲಿಷ್ ಮಂದಿ ನಗ್ತಾರೇನು?"

"ಅವರಿಗೇನ ತಿಳಿತೈತಿ."

ಇದು ನನ್ನ ಮೊದಲ ಸಿಟ್ಟು. ಅಷ್ಟು ನೀರು ದಾಟಿ ಹೋದ ಮೇಲೂ ನಮ್ಮವರಿಗೆ ನಗಲು ನಮ್ಮವರೇ ಬೇಕು.

ಸೌತಿಕಾಯಿಯ ಬುಡದಲ್ಲಿ

ರವಿವಾರ ಬಸವರಾಜ ನನ್ನನ್ನು ಊರ ನಡುವಿಗೆ ಕರೆದುಕೊಂಡು ಹೋದ. ನನ್ನ ಬಾಯಿ ಮುಚ್ಚಿಸಲಿಕ್ಕೆ ಎಂದು ನನಗೆ ಗೊತ್ತಿತ್ತು. ನೆಲದ ಒಳಗೆ ಓಡುವ ರೈಲು. ಅದರಲ್ಲಿ ಅಷ್ಟು ಮಂದಿ ಕೂತಿದ್ದರೂ ಒಬ್ಬರೂ ಮಾತಾಡುವುದಿಲ್ಲ, ಯಾರೋ ಸತ್ತ ಮನೆಯಲ್ಲಿ ಕೂತಂತೆ. ಪಕ್ಕದ ಹೆಣ್ಣುಮಗಳಿಗೆ ಒಂದು ಶೇಂಗಾ ಉಂಡಿ ಕೊಡಹೋದೆ. ಅವಳು ಎದ್ದು ಬಾಗಿಲ ಹತ್ತಿರ ಹೋಗಿ ನಿಂತಳು.

"ಅವ್ವಾ, ಹಂಗೆಲ್ಲಾ ಕೊಡಬಾರದು ಬೇ."

"ಯಾಕ, ವಿಷಾ ಹಾಕೀನೇನು?"

"ಗುರ್ತ ಇರಲ್ದವರ ಜೋಡಿ ಇಲ್ಲೆ ಮಾತಾಡಂಗಿಲ್ಲ."

"ಹಂಗಾರ ಗುರ್ತ ಆಗೂದು ಹೆಂಗ?"

ಅವನು ಆ ಉಂಡಿಯನ್ನು ನನ್ನ ಕೈಯಿಂದ ತೆಗೆದು ತಾನೇ ತಿಂದ.

ಮೇಲೆ ಬಂದರೆ ಎತ್ತರದ ಗಾಜಿನ ಕಟ್ಟಡಗಳು ಒತ್ತೊತ್ತಾಗಿ ನಿಂತಿವೆ. ಬೆಳೆದ ಕಬ್ಬಿನೊಳಗೆ ಹೊಕ್ಕಂತೆ, ಆಕಾಶ ತುಂಡು ತುಂಡಾಗಿ ಕಾಣುತ್ತದೆ. ಕುತ್ತಿಗೆ ಎತ್ತಿ ಎತ್ತಿ ನೋವಾಯಿತು. ಒಂದು ಮೂಲೆ ತಿರುಗಿದೆವು, ಎದುರಿಗೆ ಒಂದು ಕಟ್ಟಡ. ಬುಡ ಸ್ವಲ್ಪ ಸಣ್ಣ, ನಡುವೆ ಹೊಟ್ಟೆ, ಮೇಲೆ ಹೋದಂತೆ ಮತ್ತೆ ಸಣ್ಣ, ತುದಿ ದುಂಡಗೆ. ಮೈತುಂಬ ಓರೆ ಪಟ್ಟಿ. ಹುಟ್ಟಿದಾಗಿನಿಂದ ಹೊಳೆದಂಡೆಯಲ್ಲಿ ಇದ್ದವಳಿಗೆ ಅದು ಏನೆಂದು ಯಾರು ಹೇಳಬೇಕು.

"ಬಸ್ಸ್ಯಾ, ಇದು ಸೌತಿಕಾಯಿ ಇದ್ದಂಗ ಐತೆಲ್ಲೋ."

"ಹಂಗೇನಿಲ್ಲ. ಆಫೀಸು ಅದು. ನಡಿ, ಮುಂದ ಚಲೋ ಚಲೋ ಅದಾವ." ನನ್ನ ತೋಳು ಹಿಡಿದು ಎಳೆದ.

ಅಷ್ಟರಲ್ಲಿ ನಮ್ಮ ಪಕ್ಕದಲ್ಲೇ ಒಬ್ಬ ಹೆಣ್ಣುಮಗಳು ತನ್ನ ಮಗಳಿಗೆ ಬೊಟ್ಟು ಮಾಡಿ ತೋರಿಸಿದಳು. "ತೀ ಬಘ್, ಕಾಕಡೀ."

ನಾನು ತೋಳು ಬಿಡಿಸಿಕೊಂಡೆ. ಗಡಿಯವರಿಗೆ ಮರಾಠಿ ಮನೆ ಮಾತಿನಷ್ಟೇ ಸಲೀಸು. ಏನು ಕಾಕಡಿ ಎಂದೆಯವ್ವಾ ಎಂದು ಕೇಳಿದೆ. ಅವಳು ಮರಾಠಿ ಕೇಳಿ ನಕ್ಕಳು. "ಆಜಿ, ಹ್ಯಾಲಾ ಸಗಳೇ ಕಾಕಡೀಚ ಮ್ಹಣತಾತ." ಇದಕ್ಕೆ ಎಲ್ಲರೂ ಸೌತಿಕಾಯಿ ಎಂದೇ ಅನ್ನುತ್ತಾರಂತೆ. ಇವರ ಮಾತಿನಲ್ಲಿ ಘರ್ಕಿನ್, ಉಪ್ಪಿನಕಾಯಿಗೆ ಹಾಕುವ ಮಿಡಿ ಸೌತಿಕಾಯಿ. ಅವಳು ಕೊಲ್ಲಾಪುರದವಳು, ಲಂಡನ್ನಿಗೆ ಬಂದು ಬಹಳ ವರ್ಷವಾಗಿದೆ, ಅಲ್ಲೇ ಹತ್ತಿರದ ಆಫೀಸಿನಲ್ಲಿ ಕೆಲಸ. ಮುಂದಿನ ಮಾತನ್ನು ಕನ್ನಡದಲ್ಲೇ ಬರೆಯುತ್ತೇನೆ.

ಮಾಲೀಕ ಇಟ್ಟ ಹೆಸರು ಯಾವುದು ಎಂದು ಕೇಳಿದೆ. ಯಾವುದೋ ಸಾಧ್ವಿಯ ಓಣಿಯ ಹೆಸರು, ಅದಕ್ಕೊಂದು ನಂಬರು, ಪೋಸ್ಟಿನವನಿಗೆ ಬೇಕಾದರೆ ಬೇಕು ಎಂದಳು.

"ಹಾಗಾದರೆ ಸೌತಿಕಾಯಿ ಎಂದು ಇಟ್ಟವರು ಯಾರು?"

"ಯಾರೂ ಇಡಲಿಲ್ಲ ಆಜಿ. ಕಟ್ಟುವ ಮೊದಲೇ ಚಿತ್ರ ಪೇಪರಿನಲ್ಲಿ ಬಂದಿತ್ತಂತೆ. ಸೇರದವರು ಹೀಯಾಳಿಸಿ ಅಂದರು. ಪೇಪರಿನವರು ಬರೆದರು. ಟ್ಯಾಕ್ಸಿಯವರು ಹಿಡಿದರು. ಈಗ ಹೀಯಾಳಿಕೆ ಯಾರಿಗೂ ನೆನಪಿಲ್ಲ. ಹೆಸರು ಉಳಿದಿದೆ."

ಇಲ್ಲಿಯ ಮಂದಿಯೂ ಹಿಂದೆ ಕೂತು ಒದರಿದ್ದಾರೆ, ಯಾರೋ ಬರೆದುಕೊಂಡಿದ್ದಾರೆ. ಭೀಮಪ್ಪನಿಗೆ ಆದದ್ದೇ ಈ ಕಟ್ಟಡಕ್ಕೂ ಆಗಿದೆ. ಆದರೆ ಈ ಕಟ್ಟಡ ಹೆಸರು ಬದಲಿಸಲಿಕ್ಕೆ ಹೋಗಿಲ್ಲ, ನೆಟ್ಟಗೆ ನಿಂತಿದೆ. ಎದುರಿಗಿನ ಅಂಗಡಿಯಲ್ಲಿ ಅದರ ಸಣ್ಣ ಸಣ್ಣ ಗೊಂಬೆ ಮಾಡಿ ಮಾರಲಿಟ್ಟಿದ್ದರು. ಚಹಾದ ಬಟ್ಟಲಿನ ಮೇಲೆ ಸೌತಿಕಾಯಿ, ಚೀಲದ ಮೇಲೆ ಸೌತಿಕಾಯಿ. ದೇಶದೇಶದ ಮಂದಿ ಅದರ ಮುಂದೆ ನಿಂತು ಫೋಟೋ ಹೊಡೆಸಿಕೊಳ್ಳುತ್ತಿದ್ದರು. ನನ್ನ ಮಗ ಮಾತ್ರ ಬೆನ್ನು ತಿರುಗಿಸಿ ನಿಂತಿದ್ದ.

"ನಿನಗ ಗೊತ್ತಿತ್ತೇನು?"

"ಗೊತ್ತಿತ್ತು."

"ಮತ್ಯಾಕ ಹೇಳಲಿಲ್ಲ?"

"ಗೋದಾಮನ್ಯಾಗ ನನಗ ಏನಂತಾರ ಗೊತ್ತೈತೇನು? ನಿಮ್ಮಪ್ಪನ ಬಿಲ್ಡಿಂಗ್ ನೋಡಿ ಬಂದೇನು ಅಂತಾರ. ದಿನಾ ಅಂತಾರ."

"ನಿಮ್ಮಪ್ಪ ಇದ್ದಿದ್ರ ಹೌದು ಅಂತಿದ್ದ. ಬಾಡಗಿ ವಸೂಲಿ ಮಾಡ್ಕೊಂಡ ಬಾ ಅಂತ ಅವರನ್ನ ಕಳಸತಿದ್ದ."

ಕೊಲ್ಲಾಪುರದವಳಿಗೆ ಕನ್ನಡ ಬಾರದಿದ್ದರೂ ಜಗಳ ಎಂದು ತಿಳಿಯಿತು. ಬನ್ನಿ ಆಜಿ, ಇನ್ನೂ ತೋರಿಸುತ್ತೇನೆ ಎಂದಳು.

ಕಿಸಣಿ, ವಾಕಿಟಾಕಿ

ಸ್ವಲ್ಪ ಆಚೆ ಒಂದು ಕಟ್ಟಡ, ಒಂದು ಬದಿ ನೆಟ್ಟಗೆ, ಇನ್ನೊಂದು ಬದಿ ಇಳಿಜಾರು. ಅದಕ್ಕೆ ಕಿಸಣಿ ಎನ್ನುತ್ತಾರೆ, ಗಜ್ಜರಿ ಕೊಬ್ಬರಿ ತುರಿಯುವ ಕಿಸಣಿ. ಇವರು ಅದರಲ್ಲಿ ಚೀಜು ತುರಿಯುತ್ತಾರೆ. ಆ ಹೆಸರು ಹೇಗೆ ಬಂತೆಂದರೆ, ಪರವಾನಿಗೆ ಕೊಡುವ ಕಡೆಯ ಅಧಿಕಾರಿಯೊಬ್ಬ ಅದರ ಮಾದರಿ ನೋಡಿ, ನನ್ನ ಹೆಂಡತಿ ಇದರ ಮೇಲೆ ಚೀಜು ತುರಿದಾಳು ಎಂದನಂತೆ. ಅದೇ ಹತ್ತಿಕೊಂಡಿತಂತೆ. ಇದನ್ನು ಕೇಳಿ ನನಗೆ ಬೇರೆಯೇ ಸಿಟ್ಟು ಬಂತು. ನಾನು ತುರಿದೇನು ಎನ್ನಲಿಲ್ಲ ಅವನು. ಸಾವಿರ ಮಂದಿ ಕೂತು ಕೆಲಸ ಮಾಡುವ ಕಟ್ಟಡ ಕಂಡರೂ ಅದನ್ನು ಹೆಂಡತಿಯ ಕೈಗೇ ಕೊಟ್ಟ.

ಇನ್ನೊಂದು ತಲೆ ದಪ್ಪ, ಕೆಳಗೆ ಸಣ್ಣ. ಅದು ವಾಕಿಟಾಕಿ. ಸಕ್ಕರೆ ಕಾರ್ಖಾನೆಯ ಗೇಟಿನವನು ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ಹಿಡಿದುಕೊಂಡು ಕೂಗುತ್ತಾನಲ್ಲ, ಅದೇ. ಅದನ್ನು ನಾನೂ ಗುರುತು ಹಿಡಿದೆ. ಹೆಸರು ಹೇಳುವ ಮೊದಲೇ ಗುರುತು ಸಿಕ್ಕರೆ ಅದು ಮಂದಿ ಇಟ್ಟ ಹೆಸರು.

ನಮ್ಮ ಕಡೆಯೂ ಹೀಗೇ. ನಮ್ಮೂರ ನೀರಿನ ಟಾಕಿಯ ಮೇಲೆ ಯಾವುದೋ ಯೋಜನೆಯ ಉದ್ದ ಹೆಸರು ಬರೆದಿದ್ದಾರೆ, ಅದನ್ನು ಪೂರಾ ಓದುವುದರಲ್ಲಿ ಬಸ್ಸು ಹೋಗಿಬಿಡುತ್ತದೆ. ಅದರ ಹೊಟ್ಟೆ ಒಂದು ಕಡೆ ಮುಂದೆ ಬಂದಿದೆ. ಅದಕ್ಕೆ ನಾವು ಬಸುರಿ ಟಾಕಿ ಎನ್ನುತ್ತೇವೆ. ಬಸುರಿ ಹತ್ತಿರ ಇಳಿಸಪ್ಪಾ ಎಂದರೆ ಕಂಡಕ್ಟರ್ ಇಳಿಸುತ್ತಾನೆ. ಯೋಜನೆಯ ಹೆಸರು ಹೇಳಿದರೆ ಚಿಕ್ಕೋಡಿಗೆ ಒಯ್ದಾನು.

ಕೊಲ್ಲಾಪುರದವಳು ಇನ್ನೊಂದು ಮಾತು ಹೇಳಿದಳು. ಈಗೀಗ ಕೆಲವು ಮಾಲೀಕರು ಜಾಣರಾಗಿದ್ದಾರಂತೆ. ಮಂದಿ ಏನಾದರೂ ಅನ್ನುವ ಮೊದಲೇ ತಾವೇ ಒಂದು ಚೆಂದದ ಅಡ್ಡಹೆಸರು ಹುಡುಕಿ ಬೋರ್ಡು ಹಾಕಿಸುತ್ತಾರಂತೆ.

"ಅದು ಹತ್ತಿಕೊಳ್ಳುತ್ತದೇನು?" ಎಂದು ಕೇಳಿದೆ.

"ಒಮ್ಮೊಮ್ಮೆ. ಬಹಳ ಸಲ ಮಂದಿ ಬೇರೆಯದೇ ಅನ್ನುತ್ತಾರೆ."

ಅನ್ನಲೇಬೇಕು. ತನ್ನ ಕೊರಳಿಗೆ ತಾನೇ ಹಾರ ಹಾಕಿಕೊಂಡು ಕೂತರೆ ಅದಕ್ಕೆ ಸತ್ಕಾರ ಎನ್ನುತ್ತಾರೇನು. ಆ ಮಾತು ಮಗನ ಕಿವಿಗೆ ಬೀಳುವಂತೆ ಕನ್ನಡದಲ್ಲಿ ಅಂದೆ.

ಮರಳಿ ರೈಲಿಗೆ ಹೋಗುವಾಗ ಅವನು ಬಾಯಿ ಬಿಟ್ಟ.

"ಕಟ್ಟಡಕ್ಕ ನಾಚಿಕಿ ಇಲ್ಲವ್ವಾ. ನನಗ ಐತಿ. ನನ್ನ ಮಗಳು ಸಾಲಿಗೆ ಹೋದ್ರ ಅಕಿಗೂ ಇರತೈತಿ."

ಅವನು ಹೇಳಿದ್ದು ಸುಳ್ಳಲ್ಲ. ಆದರೆ ಸುಳ್ಳಲ್ಲ ಎಂದ ಮಾತ್ರಕ್ಕೆ ನಾನು ಪಾಟೀಲರ ಮನೆಯ ಮುದುಕಿ ಆಗುವುದಿಲ್ಲ.

ಗಾಜಿನ ಚೂರು

ವಿಜಯಾಳ ತಪಾಸಣೆ ಅವಳು ಕೆಲಸ ಮಾಡುವ ಆಸ್ಪತ್ರೆಯಲ್ಲೇ ಇತ್ತು. ಕೂಸನ್ನು ಎತ್ತಿಕೊಳ್ಳಲಿಕ್ಕೆ ನಾನೂ ಹೋದೆ. ಹೊಳೆಯ ಆಚೆ ದಂಡೆ. ಅವರ ಹೊಳೆ ನಮ್ಮ ಕೃಷ್ಣೆಯ ಅರ್ಧವೂ ಇಲ್ಲ, ನೀರೂ ರಾಡಿ, ಆದರೆ ಅದರ ಮೇಲೆ ಎಷ್ಟು ಸೇತುವೆ. ಆಸ್ಪತ್ರೆಯ ಬೆನ್ನಿಗೇ ಒಂದು ಕಟ್ಟಡ ಚೂಪಾಗಿ ಮೇಲಕ್ಕೆ ಹೋಗಿತ್ತು, ತುದಿ ಕೂಡಿರಲಿಲ್ಲ, ಮುರಿದ ಹಾಗೆ ಇತ್ತು. ಕಟ್ಟುವುದು ಅರ್ಧಕ್ಕೆ ಬಿಟ್ಟಿದ್ದಾರೆ ಎಂದುಕೊಂಡೆ.

"ಬಿಟ್ಟಿಲ್ರಿ ಅತ್ತಿ. ಅದು ಹಂಗ ಐತಿ. ಶಾರ್ಡ್ ಅಂತಾರ, ಒಡದ ಗಾಜಿನ ಚೂರು."

"ಇದಕ್ಕೂ ಮಂದಿ ಬೈದಾರಂದಂಗಾತು."

"ಭಾಳ ಬೈದಾರ. ಇಲ್ಲೆ ಹಳೀ ಕಟ್ಟಡ ಕಾಯೋ ಮಂದಿ ಇರ್ತಾರ. ಹಳೀ ಊರಿನ ಎದಿಗೆ ಗಾಜಿನ ಚೂರು ಚುಚ್ಚಿದಂಗ ಆಕ್ಕೈತಿ, ಕಟ್ಟಾಕ ಬಿಡಬ್ಯಾಡ್ರಿ ಅಂದ್ರಂತ. ಕಟ್ಟೋರು ಏನ್ ಮಾಡಿದ್ರು ಗೊತ್ತೇನ್ರಿ? ಚೂರು ಅಂತ ತಾವ ಹೆಸರ ಇಟ್ರು. ಈಗ ಬಾಗಲ ಮ್ಯಾಲ ಅದ ಐತಿ."

ನಾನು ನಿಂತುಬಿಟ್ಟೆ. ಕೂಸು ಹೆಗಲ ಮೇಲೆ ಮಲಗಿತ್ತು. ಬೈಗುಳವನ್ನು ಎತ್ತಿ ಬಾಗಿಲಿಗೆ ಬರೆಸಿಕೊಂಡಿದ್ದಾರೆ. ಆಮೇಲೆ ಬೈದವರು ಏನು ಮಾಡಬೇಕು? ಬೈಯಲಿಕ್ಕೆ ಅವರ ಹತ್ತಿರ ಮತ್ತೇನೂ ಉಳಿಯಲಿಲ್ಲ.

"ವಿಜಯಾ, ಖರೇ ಹೇಳ. ಪಾಟೀಲ ಆಗಬೇಕಂತ ನಿನಗೂ ಐತೇನು?"

ಅವಳು ಬೆಂಚಿನ ಮೇಲೆ ಕೂತಳು. ಬಾಣಂತಿ, ನಡೆದು ದಣಿದಿದ್ದಳು.

"ನನ್ನ ಯಾರೂ ಕೇಳಿಲ್ರಿ ಅತ್ತಿ."

"ನಾ ಕೇಳಾಕತ್ತೀನೆಲ್ಲ."

"ಲಗ್ನ ಆದಾಗ ನಿಪ್ಪಾಣ್ಯಾಗ ನನ್ನ ಗೆಳತ್ಯಾರೂ ನಕ್ಕರು. ನಕ್ಕರು, ನಗೂದು ಮುಗೀತು, ಮನೀಗೆ ಹೋದ್ರು. ನರ್ಸಿಂಗ್ ಕಾಗದಕ್ಕೆಲ್ಲಾ ಈ ಹೆಸರ ಹತ್ತಸಾಕ ಬೆಳಗಾವಿಗೆ ಎಷ್ಟ ಸಲ ಎಡತಾಕೀನಿ ನನಗ ಗೊತ್ತು. ಇಲ್ಲೆ ನನಗ ಕೆಲಸ ಕೊಟ್ಟದ್ದು ಇದ ಹೆಸರಿಗೆ. ಈಗ ಇವರು ನಕ್ಕರಂತ ನಾ ಮತ್ತ ತಿದ್ದಿಸ್ಕೋತ ಹೋಗ್ಲೇನು?"

"ಮತ್ತ ಅವಂಗ ಹೇಳಬೇಕಿಲ್ಲ?"

"ಗೋದಾಮನ್ಯಾಗ ಅವರಿಗೆ ಭಾಳ ಕಾಡ್ಯಾರ. ಮನ್ಯಾಗೂ ನಾ ಯಾಕ ಅನ್ಲಿ ಅಂತ ಸುಮ್ಮನಿದ್ದೆ."

ಇಂಥ ಸುಮ್ಮನಿರುವಿಕೆ ನನಗೆ ಸೇರುವುದಿಲ್ಲ. ಹೇಳಿದೆ. ಅವಳು ಕೂಸನ್ನು ತೆಗೆದುಕೊಂಡು ಎದ್ದಳು.

ಹೆಸರು ಬರೆಸುವ ಕಚೇರಿ

ಕಚೇರಿ ಎಂದರೆ ನಮ್ಮ ಕಣ್ಣಿಗೆ ಬರುವಂಥದ್ದಲ್ಲ. ಗದ್ದಲ ಇಲ್ಲ, ಹೊರಗೆ ಅರ್ಜಿ ಬರೆಯುವವರಿಲ್ಲ. ಒಂದು ಕೋಣೆ, ಒಂದು ಮೇಜು, ಹೂವಿನ ಕುಂಡ, ಕನ್ನಡಕದ ಒಬ್ಬ ಬಾಯಿಸಾಹೇಬರು. ಮಗ ಹೊಸ ಅಂಗಿ ಹಾಕಿಕೊಂಡಿದ್ದ. ದಾರಿಯುದ್ದಕ್ಕೂ ನನಗೆ ಒಂದೇ ಮಾತು: "ಅವ್ವಾ, ಅಲ್ಲೆ ನೀ ಏನೂ ಮಾತಾಡಬ್ಯಾಡ." ಇಂಗ್ಲಿಷ್ ಬಾರದವಳಿಗೆ ಅದನ್ನು ಹೇಳುವ ಅಗತ್ಯವೇನಿತ್ತು, ಅವನಿಗೇ ಹೆದರಿಕೆ.

ಕೂಸು ನನ್ನ ತೊಡೆಯ ಮೇಲೆ. ಬಾಯಿಸಾಹೇಬರು ಕೇಳುತ್ತಾರೆ, ಇವರು ಹೇಳುತ್ತಾರೆ, ಅವರು ಕಂಪ್ಯೂಟರಿನಲ್ಲಿ ಬಡಿಯುತ್ತಾರೆ. ಯಾವ ದಿನ ಹುಟ್ಟಿತು, ಎಲ್ಲಿ ಹುಟ್ಟಿತು ಎಂದೆಲ್ಲ ಇರಬೇಕು. ಅನ್ವಿ ಎಂದದ್ದು ಕೇಳಿಸಿತು. ಆಮೇಲೆ ಬಸವರಾಜ ಗಂಟಲು ಸರಿ ಮಾಡಿಕೊಂಡು ಪಾಟೀಲ್ ಎಂದ. ಅಷ್ಟು ಹೊತ್ತಿನ ಇಂಗ್ಲಿಷಿನಲ್ಲಿ ನನ್ನ ತಲೆಗೆ ಹೊಕ್ಕ ಎರಡನೆಯ ಶಬ್ದ ಅದು.

"ಯಾವ ಪಾಟೀಲ?" ಎಂದೆ.

"ಅವ್ವಾ."

"ನಾ ಕೇಳಾಕತ್ತೀನಿ. ಯಾವೂರ ಪಾಟೀಲ?"

ಬಾಯಿಸಾಹೇಬರ ಬೆರಳು ನಿಂತಿತು. ನನ್ನನ್ನು ನೋಡಿದರು, ಅವನನ್ನು ನೋಡಿದರು, ಕೊನೆಗೆ ವಿಜಯಾಳನ್ನು ನೋಡಿ ಏನೋ ಕೇಳಿದರು. ನಿಮಗೂ ಒಪ್ಪಿಗೆಯೇ ಎಂದು ಕೇಳಿದರು ಎಂದು ಆಮೇಲೆ ತಿಳಿಯಿತು. ವಿಜಯಾ ಗಂಡನ ಕಡೆ ತಿರುಗಿದಳು.

"ನನ್ನ ಒಂದ್ಸಲ ಕೇಳ್ರಿ."

"ಈಗೇನ ಕೇಳೂದೈತಿ? ಮನಿಗೆ ಹೋಗಿ ಮಾತಾಡೂಣು."

"ಇಲ್ಲೆ ಕೇಳ್ರಿ. ಕೂಸು ಯಾರದು?"

"ನಮ್ಮದು."

"ನಮ್ಮದು ಅಂದ ಮ್ಯಾಲ ಅದರಾಗ ನನ್ನ ಪಾಲೂ ಐತಿ. ನನ್ನ ಹೆಸರ ಸೌತಿಕಾಯಿ. ಅದನ್ನ ನಾ ಬದಲಿ ಮಾಡಂಗಿಲ್ಲ. ಕೂಸು ನನ್ನ ಹೆಸರಿನ್ಯಾಗ ಇರ್ಲಿ. ನೀವು ಬೇಕಾದ್ರ ಪಾಟೀಲ್ರಾಗ್ರಿ."

ಆ ಬಾಯಿಸಾಹೇಬರು ಕೈ ಕಟ್ಟಿ ಕೂತೇ ಇದ್ದರು, ಅವಸರ ಮಾಡಲಿಲ್ಲ, ದಿನಾ ಅಲ್ಲಿ ಇಂಥದ್ದು ನಡೆಯುವಂತೆ. ಅದೊಂದು ನಡತೆ ನನಗೆ ಸೇರಿತು. ಮಗ ಮೇಜಿನ ಅಂಚು ನೋಡುತ್ತ ಕೂತ. ನಾನು ಬಾಯಿ ತೆರೆಯಬೇಕೆಂದಿದ್ದೆ, ವಿಜಯಾ ಕಣ್ಣಲ್ಲೇ ಬೇಡ ಎಂದಳು. ಅವನೇ ಕೈ ಅಲ್ಲಾಡಿಸಿ, ಬರೆಸು ಎಂಬಂತೆ ಮಾಡಿದ.

ವಿಜಯಾ ಹೇಳಿದಳು: ಸೌತಿಕಾಯಿ.

ನಾನು ಆ ಬಾಯಿಸಾಹೇಬರ ಮುಖವನ್ನೇ ನೋಡುತ್ತಿದ್ದೆ, ಉಕ್ಕಲು ಬಂದ ಹಾಲನ್ನು ನೋಡುವಂತೆ. ನಗಲಿಲ್ಲ. ತುಟಿಯೂ ಅಲುಗಲಿಲ್ಲ. ಅಕ್ಷರ ಹೇಳಿ ಎಂದರು, ಅಷ್ಟೆ. ವಿಜಯಾ ಒಂದೊಂದೇ ಅಕ್ಷರ ಹೇಳಿದಳು. ಅವರು ಬಡಿದು, ಕಂಪ್ಯೂಟರಿನ ಮುಖವನ್ನು ಇವರ ಕಡೆ ತಿರುಗಿಸಿ ಸರಿಯಿದೆಯೇ ನೋಡಿ ಎಂದರು. ವಿಜಯಾ ನೋಡಿ ಗೋಣು ಹಾಕಿದಳು. ಬಸವರಾಜ ಮುಂದೆ ಬಾಗಿದ, ನೋಡಿದ, ಹುಬ್ಬು ಗಂಟಿಕ್ಕಿದ.

"ಕಡೀಗೆ ಐ ಬಿಟ್ಟಾರ."

ವಿಜಯಾಳಿಗೆ ಹೇಳಿದ್ದು ಸಾಲದೆಂದು ಬಾಯಿಸಾಹೇಬರಿಗೂ ಇಂಗ್ಲಿಷಿನಲ್ಲಿ ಹೇಳಿದ, ಬೆರಳಿಟ್ಟು ತೋರಿಸಿದ. ಅವರು ತಿದ್ದಿದರು. ಅವನು ಇನ್ನೊಮ್ಮೆ ಮೊದಲಿನಿಂದ ಓದಿದ. ಆಮೇಲೆ ಸಹಿ ಹಾಕಿದ. ಮನೆಗೆ ಬರುವ ತನಕ ನನ್ನ ಜೊತೆ ಮಾತಾಡಲಿಲ್ಲ. ಆಡದಿದ್ದರೆ ಬಿಡಲಿ, ಐ ಸೇರಿತ್ತು.

ಗೋದಾಮು

ಮರುದಿನ ಬೆಳಗ್ಗೆ ಅವನು ಕೆಲಸಕ್ಕೆ ಹೊರಟಾಗ ನಾನೂ ಚಪ್ಪಲಿ ಮೆಟ್ಟಿದೆ. ನೀ ದುಡಿಯುವ ಜಾಗ ನೋಡಬೇಕು ಎಂದೆ. ಬೇಡ ಎಂದ. ವಿಜಯಾ ಒಳಗಿನಿಂದ, ಕರಕೊಂಡ ಹೋಗ್ರಿ, ಕೂಸಿನ್ನ ನಾ ನೋಡ್ಕೋತೀನಿ ಎಂದಳು.

ಗೋದಾಮಿನ ಗೇಟಿನ ಬಳಿ ಹಳದಿ ಜಾಕೀಟಿನ ಗಂಡಸರು ಪಾಳಿಗೆ ಮುಂಚಿನ ಚಹಾ ಕುಡಿಯುತ್ತ ನಿಂತಿದ್ದರು. ನಮ್ಮ ಕಡೆಯ ಮುಖಗಳು ಕಂಡವು. ಒಬ್ಬ ಸಾಂಗಲಿಯವ, "ಕಾಯ್ ರೇ ಕಾಕಡಿ, ಆಯೀಲಾ ಆಣಲಂಸ್?" ಎಂದ, ಏನೋ ಸೌತಿಕಾಯಿ, ತಾಯಿಯನ್ನು ಕರೆತಂದೆಯಾ ಎಂದು. ಅವನನ್ನು ಬಿಟ್ಟೆ, ಅವನಿಗೆ ಹೇಳಿಕೊಟ್ಟವನು ಬೇಕಿತ್ತು.

"ಹುಬ್ಬಳ್ಳಿಯಾಂವ ಯಾರಪಾ ನಿಮ್ಮೊಳಗ?"

ದುಂಡು ಮುಖದ ಒಬ್ಬ ಮುಂದೆ ಬಂದು ಕೈ ಮುಗಿದ. "ನಾನ್ರಿ ಅಜ್ಜಿ. ಸೌತಿಕಾಯಿ ಅಜ್ಜಿ ಅಂದ್ರ ನೀವ ಏನ್ರಿ?" ಹಿಂದೆ ನಿಂತವರು ನಕ್ಕರು.

"ನಾನ ಅದೇನಿ. ನಿನ್ನ ಅಡ್ಡಹೆಸರೇನಪಾ?"

"ಪಾಟೀಲ್ರಿ."

"ಚಲೋ ಆತು. ಯಾವೂರ ಪಾಟೀಲ್ರು?"

"ಅಲ್ಲೇ ಹುಬ್ಬಳ್ಳಿ ಕಡೆ."

"ಕಡೆ ಅಂದ್ರ, ಊರಿಗೆ ಹೆಸರಿಲ್ಲೇನು?"

ಊರಿನ ಹೆಸರು ಹೇಳಿದ.

"ಅಲ್ಲೆ ನಿಮ್ಮ ವಾಡೆ ಎಲ್ಲೈತಿ? ಪಾಟೀಲಕಿ ಯಾರ ಮಾಡತಿದ್ರು, ಅಪ್ಪನೋ, ಅಜ್ಜನೋ?"

ಅವನು ಚಹಾದ ಲೋಟ ನೋಡಿದ. ನನ್ನ ಮಗ ಅವನನ್ನು ನೋಡಿದ, ಅಲ್ಲಿಗೆ ಬಂದ ಮೇಲೆ ಮೊದಲ ಸಲ ತಲೆ ಎತ್ತಿ ನೋಡಿದ.

"ನಿಮ್ಮಪ್ಪಗ ಊರಾಗ ಏನಂತ ಕರೀತಿದ್ರು? ಅಷ್ಟ ಹೇಳು, ಸಾಕು."

"ಮೆಣಸಿನಕಾಯಿ," ಎಂದ, ತುಟಿಯೊಳಗೇ.

"ಜೋರಾಗಿ ಹೇಳಪಾ. ವಯಸ್ಸಾಗೈತಿ, ಕಿವಿ ಕೇಳಂಗಿಲ್ಲ," ಎಂದೆ.

ನನ್ನ ಕಿವಿಗೆ ಆಗಲೂ ಏನೂ ಆಗಿರಲಿಲ್ಲ, ಈಗಲೂ ಏನೂ ಆಗಿಲ್ಲ. ಅವನು ಜೋರಾಗಿ ಹೇಳುವ ತನಕ ನಾನು ಅಲ್ಲೇ ನಿಂತಿದ್ದೆ.